ಎಡಕ್ಕೊಂದಿಷ್ಟು ತಿರುಗಿದ ಸೀಟು

ಊರಾಚೆಯ ಹಡಪಸರದ ತೋಟಗಳಿಂದ ಬುಟ್ಟಿ ಹೊತ್ತು ಬರುವ ಸೊಪ್ಪಿನ ಮುದುಕಿಗೆ ನನ್ನ ಮೇಲೆ ಯಾವಾಗಲೂ ಸಿಟ್ಟು. ನಾನು ಮೆಂತ್ಯದ ಕಟ್ಟು ಬಿಚ್ಚಿ ನೋಡದೆ ಕೊಳ್ಳುವವಳಲ್ಲ. ಮೊನ್ನೆಯೂ ಹಾಗೇ ಬಿಚ್ಚಿ, ಒಳಗೆ ತುರುಕಿದ್ದ ಹಳದಿ ಎಲೆಗಳನ್ನು ಅವಳ ಮೂಗಿನ ಮುಂದೆ ಹಿಡಿದು ಜಗಳ ತೆಗೆದೆ. ಆಕೆ ಎಂದಿನಂತೆ ಎದುರಾಡಲಿಲ್ಲ. "ತುಮಚಾ ಸೈಕಲ್‌ವಾಲಾ ವಾರಲಾ, ಬಾಯಿ," ಎಂದಳು. ನಿಮ್ಮ ಸೈಕಲ್ಲಿನವನು ತೀರಿಕೊಂಡ ಎಂದು. ನಾನು ಹಳದಿ ಎಲೆಗಳ ಸಮೇತ ಕಟ್ಟನ್ನು ತೆಗೆದುಕೊಂಡು ಒಳಗೆ ಬಂದೆ.

ಪುಣೆಯಲ್ಲಿ ಈಗ ಎಲ್ಲಿ ನೋಡಿದರೂ ಬಾವುಟ ಹೊಲಿಸುವ ಗಡಿಬಿಡಿ. ಸ್ವಾತಂತ್ರ್ಯ ಬಂತಲ್ಲ, ದರ್ಜಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಇಂಥ ಹೊತ್ತಿನಲ್ಲಿ ಹಡಪಸರದ ಬೇವಿನ ಮರದ ಕೆಳಗೆ ಒಬ್ಬ ಸೈಕಲ್ ಮಿಸ್ತ್ರಿ ಸತ್ತರೆ ಯಾರಿಗೇನು? ಅವರ ಹೆಸರು ನಾನು ಬರೆಯುವುದಿಲ್ಲ. ಆ ಹೆಸರಿಗೆ ನಮ್ಮ ಪೇಟೆಯ ಜನ ಒಂದು ಕೆಟ್ಟ ಶಬ್ದ ಅಂಟಿಸಿಬಿಟ್ಟಿದ್ದಾರೆ. ಹೆಸರು ಬರೆದರೆ ಅದೂ ಬಾಲದ ಹಾಗೆ ಹಿಂದೆ ಬರುತ್ತದೆ. ಮಿಸ್ತ್ರಿ ಅಂತಲೇ ಅನ್ನುತ್ತೇನೆ.

ನಾನು ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವಳು. ಮನೆ ನಾರಾಯಣ ಪೇಟೆಯ ಒಂದು ವಾಡೆಯಲ್ಲಿ. ನಾನು ಕಲಿಸುವ ಹುಡುಗಿಯರ ಶಾಲೆ ದಂಡಿನ ಕ್ಯಾಂಪಿನ ಆಚೆ. ಟಾಂಗಾ ಹತ್ತಿದರೆ ಪಗಾರವೆಲ್ಲ ಕುದುರೆಯ ಹೊಟ್ಟೆಗೆ. ಹೀಗಾಗಿ ಸೈಕಲ್ ಕಲಿತೆ. ಬಿದ್ದೆ, ಎದ್ದೆ, ಸೆರಗು ಚೈನಿಗೆ ಸಿಕ್ಕು ಹರಿಯಿತು, ವಾಡೆಯ ಹೆಂಗಸರು ನಕ್ಕರು. ನಗಲಿ ಬಿಡು ಎಂದುಕೊಂಡೆ. ಆದರೆ ಸೈಕಲ್ ಕಲಿಯುವುದು ಸುಲಭ, ಅದನ್ನು ನೋಡಿಕೊಳ್ಳುವ ಒಳ್ಳೆ ಅಂಗಡಿ ಹುಡುಕುವುದು ಕಷ್ಟ ಅಂತ ಗೊತ್ತಾದದ್ದು ಆಮೇಲೆ.

ಮೊದಲ ಅಂಗಡಿಯವನು, ಪ್ರಶ್ನೆ ಕೇಳಿದವಳು ನಾನಾದರೂ ಉತ್ತರ ಹೇಳಿದ್ದು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನನ್ನ ಯಜಮಾನರಿಗೆ. ಎರಡನೆಯವನು ನನ್ನ ಹೊಸ ಟ್ಯೂಬ್ ತೆಗೆದು ತೇಪೆ ಹಾಕಿದ ಹಳೇ ಟ್ಯೂಬ್ ತುರುಕಿದ. ಕೇಳಿದರೆ, "ಮೊದಲೇ ಹಾಗಿತ್ತು, ನೀವು ನೋಡಿಲ್ಲ," ಅಂದ. ಮೂರನೆಯವನು ಮಹಾ ಪ್ರಾಮಾಣಿಕ, ಆದರೆ ಬಾಗಿಲ ಮೇಲೆ ಫಲಕ: ಮಧ್ಯಾಹ್ನ ಒಂದರಿಂದ ನಾಲ್ಕು ವಿಶ್ರಾಂತಿ, ಗಂಟೆ ಬಾರಿಸಬೇಡಿ, ಬಾರಿಸಿದರೂ ಏಳುವುದಿಲ್ಲ. ನನಗೆ ಶಾಲೆ ಬಿಡುವಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಒಂದು ದಿನ ಶನಿವಾರ ಪೇಟೆಯ ಓಣಿಯಲ್ಲಿ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಅಪ್ಪಟ ಕನ್ನಡದ ಬೈಗುಳ ಕಿವಿಗೆ ಬಿತ್ತು. "ಯಾಕವಾ, ಯಾಕ ಇಷ್ಟ ಸೊಕ್ಕು ನಿನಗ? ಎಣ್ಣಿ ಕೊಟ್ಟೇನಲ್ಲ? ಇನ್ನೇನ ತುಪ್ಪ ಕೊಡ್ಲ್ಯಾ?" ಬೈಸಿಕೊಳ್ಳುತ್ತಿದ್ದದ್ದು ಒಂದು ಚೈನು. ಬೈಯುತ್ತಿದ್ದವರು ಗೋಕಾಕ ಕಡೆಯ ಈ ಮಿಸ್ತ್ರಿ. ಪರದೇಶದಲ್ಲಿ ತವರಿನ ಮಾತು ಕೇಳಿದರೆ ಹೆಣ್ಣುಮಕ್ಕಳಿಗೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಅಲ್ಲೇ ಸೈಕಲ್ ನಿಲ್ಲಿಸಿದೆ.

ಅವರು ಪಂಕ್ಚರ್ ಹಾಕಿದ ಮೇಲೆ, ಓಣಿಯ ಕೊನೆಯ ಅರಳಿ ಮರದ ತನಕ ಹೋಗಿ ಬನ್ನಿ ಎಂದರು. ಹೋಗಿ ಬಂದೆ. ನೋಡಿದರೆ ಅವರು ಕುಕ್ಕರುಗಾಲಲ್ಲಿ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದಾರೆ! ನನಗೆ ಎಲ್ಲಿತ್ತೋ ಸಿಟ್ಟು. "ಇದಕ್ಕ ಕಳಿಸಿದ್ರೇನ್ರಿ ನನ್ನ?" ಎಂದೆ.

ಅವರ ಕಿವಿಯ ತನಕ ಕೆಂಪೇರಿತು. "ಛೇ ಛೇ, ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ವಾಲ ನೋಡಿದೆ. ಮನಶ್ಯಾ ಯಾರೂ ನೆಟ್ಟಗ ಕೂಡಂಗಿಲ್ರಿ, ಒಬ್ಬೊಬ್ಬಂದು ಒಂದೊಂದ ಕಡೆ ವಾಲ ಇರ್ತದ. ನೀವು ಬಲಕ್ಕ ವಾಲ್ತೀರಿ. ಗಾಡಿ ನಮಗ ಹೊಂದಬೇಕ್ರಿ, ಗಾಡಿಗೆ ನಾವು ಹೊಂದಬೇಕಂದ್ರ ಸೊಂಟ ಹೋಗ್ತದ." ಹೀಗೆಂದು ಅಂಗೈಯಿಂದ ಸೀಟಿನ ಮೂಗಿಗೆ ಒಂದು ಪೆಟ್ಟು ಕೊಟ್ಟರು. ಅದು ಕೂದಲೆಳೆಯಷ್ಟು ತಿರುಗಿತೋ ಇಲ್ಲವೋ, ನನಗೆ ಕಾಣಲಿಲ್ಲ. ಆದರೆ ಮರುದಿನ ಶಾಲೆ ಮುಟ್ಟಿದಾಗ ಸೊಂಟ ನೋಯಲಿಲ್ಲ.

ಅವರನ್ನು ದೇವರ ಪಟದಲ್ಲಿ ಕೂರಿಸುವ ಉದ್ದೇಶ ನನಗಿಲ್ಲ. ಹೇಳಿದ ದಿನ ಸೈಕಲ್ ಕೊಟ್ಟರೆ ಅವರ ಗಂಟೇನು ಹೋಗುತ್ತಿತ್ತೋ, ಎಂದೂ ಕೊಡಲಿಲ್ಲ. "ನಾಳೆ ಬರ್ರಿ" ಎಂಬ ಮಾತು ಅವರ ತುದಿನಾಲಿಗೆಯಲ್ಲೇ ಇರುತ್ತಿತ್ತು. ಸೈಕಲ್ಲನ್ನು ಕಂಡವರಿಗೆಲ್ಲ ಎರವಲು ಕೊಡುವವರನ್ನು ಕಂಡರೆ ಅವರಿಗಾಗದು; ಅಂಗಡಿ ಮುಂದೆಯೇ ಮಾನ ಕಳೆಯುತ್ತಿದ್ದರು. ಇನ್ನೊಂದು ದುರಭ್ಯಾಸ, ಸೈಕಲ್ ಕಂಡಲ್ಲಿ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಗುಡಿಗೆ ಹೋದರೆ ಹೊರಗೆ ಸಾಲಾಗಿ ನಿಂತ ಸೈಕಲ್ಲುಗಳ ಪಕ್ಕ ನಡೆಯುತ್ತಲೇ, ಗುರುತಿನವರ ಸೀಟು ಸರಿದಿದ್ದರೆ ಒಂದೊಂದು ಪೆಟ್ಟು ಕೊಟ್ಟು ಆಯಾ ಮನುಷ್ಯನ ವಾಲಕ್ಕೆ ತಿರುಗಿಸುತ್ತಿದ್ದರು. ಮಾತಾಡುತ್ತಿರುವವರ ಮುಖ ನೋಡುತ್ತಲೇ ಮಾಡುತ್ತಿದ್ದರು. ಮಾಡಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. "ದೇವರಿಗೆ ಕೈ ಮುಗಿಯೋ ಮೊದಲ ಸೈಕಲ್ಲಿಗೆ ಮುಗದ್ರಲ್ರಿ," ಎಂದು ನಾವು ಕಾಡಿಸುತ್ತಿದ್ದೆವು.

ನನ್ನ ತಮ್ಮ ಕಾಲೇಜು ಓದಲು ನಮ್ಮ ಮನೆಗೆ ಬಂದಾಗ ನಾನೇ ಅವನನ್ನು ಅಲ್ಲಿಗೆ ಕರೆದೊಯ್ದೆ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಅವನ ಎಡಗಾಲು ಸ್ವಲ್ಪ ಗಿಡ್ಡವಾಗಿತ್ತು, ನಡೆದರೆ ಕುಂಟುತ್ತಿದ್ದ. ಮಿಸ್ತ್ರಿ ಅವನನ್ನು ಅರಳಿ ಮರದ ತನಕ ಎಷ್ಟು ಸಲ ಓಡಿಸಿದರೋ! ಕೊನೆಗೆ ಅವನ ಸೀಟನ್ನು ಎಡಕ್ಕೊಂದಿಷ್ಟು ತಿರುಗಿಸಿ ಬಿಟ್ಟರು. ನೋಡಿದವರಿಗೆ ಸೊಟ್ಟ. ಕೂತ ಅವನಿಗೆ ಮಾತ್ರ ಎಷ್ಟು ಸರಿಯಾಯಿತೆಂದರೆ, ಸೈಕಲ್ ಮೇಲೆ ಹೊರಟ ನನ್ನ ತಮ್ಮನನ್ನು ಕುಂಟ ಅಂತ ಯಾರೂ ಹೇಳುವ ಹಾಗಿರಲಿಲ್ಲ. "ಅಕ್ಕಾ, ಇದರ ಮ್ಯಾಲ ಕೂತ್ರ ನನ್ನ ಕಾಲ ನನಗ ನೆನಪ ಆಗಂಗಿಲ್ಲ," ಎಂದು ಅವನು ಹೇಳಿದ ದಿನ ನಾನು ಅಡಿಗೆಮನೆಗೆ ಹೋಗಿ ಅತ್ತೆ.

ಆಮೇಲೆ ಬಂತು ನಲವತ್ತೆರಡರ ಮಳೆಗಾಲ. ಚಳವಳಿಯ ಕಾಗದಗಳನ್ನು ಹಂಚುವ ಹುಡುಗರಲ್ಲಿ ನನ್ನ ತಮ್ಮನೂ ಒಬ್ಬ ಎಂದು ನನಗೆ ಗೊತ್ತಿರಲಿಲ್ಲ. ಸೀಟು ಕಿತ್ತು, ಅದರ ಕೆಳಗಿನ ಪೈಪಿನೊಳಗೆ ಕಾಗದಗಳನ್ನು ಸುರುಳಿ ಸುತ್ತಿ ಇಡುತ್ತಿದ್ದನಂತೆ. ಒಂದು ಮುಂಜಾನೆ ಓಣಿಯೊಂದರಲ್ಲಿ ಪೊಲೀಸರು ಎದುರಾದಾಗ ಸೈಕಲ್ ಬಿಟ್ಟು ಓಡಿಹೋದ. ಪುರಸಭೆಯವರು ಸೈಕಲ್ಲಿಗೆ ಹಚ್ಚುವ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವನು ಮೊದಲೇ ಕಿತ್ತಿದ್ದರಿಂದ ಸೈಕಲ್ ಯಾರದೆಂದು ತಿಳಿಯುವ ಹಾಗಿರಲಿಲ್ಲ. ಪೊಲೀಸರು ಸೀಟು ಎಳೆದು, ಕಾಗದ ತೆಗೆದುಕೊಂಡು, ಸೀಟನ್ನು ಮತ್ತೆ ನೆಟ್ಟಗೆ ಸಿಕ್ಕಿಸಿ, ಸುತ್ತಲಿನ ಸೈಕಲ್ ಅಂಗಡಿಯವರನ್ನೆಲ್ಲ ಚೌಕಿಗೆ ಕರೆಸಿದರು.

ಅಲ್ಲಿ ನಡೆದದ್ದನ್ನು ನಮಗೆ ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಮಿಸ್ತ್ರಿಯೇ. ಮರುದಿನ ಬೆಳಿಗ್ಗೆ ಚೌಕಿಯಿಂದ ಬಿಟ್ಟ ಕೂಡಲೇ ಏದುಸಿರು ಬಿಡುತ್ತ ವಾಡೆಯೊಳಗೆ ಓಡಿ ಬಂದರು. ಅಂಗಿ ಬೆವರಿಗೆ ಮೈಗಂಟಿತ್ತು. "ತಮ್ಮಾರು ಎಲ್ಲಿದ್ದಾರ್ರಿ ಅಕ್ಕೋರ? ಈಗಿಂದೀಗ ಊರ ಬಿಡಿಸ್ರಿ ಅವರನ್ನ!"

"ಕಾಲೇಜಿಗೆ ಹೋದಾನಲ್ರಿ, ಈಗ ಹೋದ. ಯಾಕ? ಏನಾತು?"

ಅವರು ತುಳಸಿಕಟ್ಟೆಗೆ ಕೈ ಊರಿ ನಿಂತರು. "ನಾ ಬಾಯಿ ಬಿಡಲಿಲ್ರಿ. ದೇವರಾಣಿ ಬಿಡಲಿಲ್ಲ. ಈ ಗಾಡಿ ನಾ ನೋಡಿಲ್ಲ ಅಂದೆ. ಫೌಜದಾರ ಹೊಳ್ಳಿಮಳ್ಳಿ ಕೇಳಿದ, ನೋಡಿಲ್ಲ ಅಂದೆ. ಆತು ಹೋಗು ಅಂದ. ಹೊಂಟೆ. ಗಾಡಿ ಬಾಜೂಕ ಹಾದು ಬರೂ ಮುಂದ..." ಅಂದವರು ತಮ್ಮ ಬಲಗೈಯನ್ನು ಎತ್ತಿ, ಅದು ಯಾರದೋ ಎಂಬಂತೆ ನೋಡಿದರು. "ಇದು ಹೋಗಿ ಹೊಡೀತ್ರಿ. ಸೀಟಿಗೆ. ಎಡಕ್ಕ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಫೌಜದಾರನಿಗೆ ಅರ್ಥವಾಗಿತ್ತು. ಸೊಟ್ಟಗಿದ್ದ ಸೀಟನ್ನು ನೆಟ್ಟಗೆ ಮಾಡುವ ಮಿಸ್ತ್ರಿಯನ್ನು ಅವನು ನೋಡಿದ್ದ. ನೆಟ್ಟಗಿದ್ದ ಸೀಟನ್ನು ಸೊಟ್ಟ ಮಾಡುವವನನ್ನು ಅವತ್ತೇ ನೋಡಿದ್ದು. ಓಣಿಯಲ್ಲಿ ಓಡಿದವನು ಕುಂಟುತ್ತಿದ್ದ ಎಂದು ಒಬ್ಬ ಸಿಪಾಯಿ ಮೊದಲೇ ಹೇಳಿದ್ದನಂತೆ. ಎಡಗಾಲು ಗಿಡ್ಡವಿದ್ದವನು, ಈ ಅಂಗಡಿಗೆ ಹೋಗುವವನು, ಕಾಲೇಜು ಹುಡುಗ. ಇಷ್ಟು ಸಿಕ್ಕ ಮೇಲೆ ಇನ್ನೇನು ಬೇಕು? ಫೌಜದಾರ ಮಿಸ್ತ್ರಿಯ ಬೆನ್ನು ತಟ್ಟಿ, "ಶಾಬ್ಬಾಸ್" ಎಂದು ಕಳಿಸಿದ. ಚೌಕಿಯ ಬಾಗಿಲಲ್ಲಿ ನಿಂತಿದ್ದ ಮಂದಿ ಆ ಬೆನ್ನು ತಟ್ಟಿದ್ದನ್ನು ನೋಡಿದರು.

ನನ್ನ ಅತ್ತೆಯವರು ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಿದ್ದರು. ಅವರು ಕೇಳಿದ್ದು ಒಂದೇ ಮಾತು. "ಅಷ್ಟ ದೂರದಿಂದ ಓಡಿಕೋತ ಬಂದೀಯಲ್ಲೊ ತಮ್ಮಾ, ಸೈಕಲ್ ಮ್ಯಾಲ ಯಾಕ ಬರಲಿಲ್ಲ?"

ಮಿಸ್ತ್ರಿ ಬಲಗೈಯನ್ನು ಬಗಲಿಗೆ ಅವುಚಿಕೊಂಡರು. "ಗಾಡಿ ಮುಟ್ಟಾಕ ಧೈರ್ಯ ಆಗಲಿಲ್ರಿ ಆಯಿ," ಎಂದರು. ಸೈಕಲ್ ಮೇಲೆ ಬಂದಿದ್ದರೆ ನನ್ನ ತಮ್ಮ ಮನೆಯಲ್ಲೇ ಸಿಗುತ್ತಿದ್ದ. ಇದು ಅವರಿಗೂ ಆ ಕ್ಷಣದಲ್ಲೇ ಹೊಳೆದಿರಬೇಕು, ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಅಷ್ಟು ಹೊತ್ತಿಗೆ ನದಿ ದಾಟುವ ಲಕಡಿ ಪೂಲಿನ ಮೇಲೆ, ಸೈಕಲ್ಲಿಲ್ಲದೆ ಕುಂಟುತ್ತ ಹೋಗುತ್ತಿದ್ದ ನನ್ನ ತಮ್ಮನನ್ನು ಪೊಲೀಸರು ಹಿಡಿದಾಗಿತ್ತು.

ಊರ ಬಾಯಿಗೆ ಮುಚ್ಚಳವುಂಟೆ? ವಾರ ಕಳೆಯುವುದರೊಳಗೆ ಅವರ ಅಂಗಡಿಯ ಬಾಗಿಲ ಮೇಲೆ ಯಾರೋ ಡಾಂಬರಿನಲ್ಲಿ "ಖಬರ್ಯಾ" ಎಂದು ಬರೆದರು. ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಎಂದು. ಮಿಸ್ತ್ರಿ ಅದನ್ನು ಅಳಿಸಲಿಲ್ಲ. ಗಿರಾಕಿ ಹೋದರು. ನಾನೂ ಹೋಗಲಿಲ್ಲ. ಹೋಗಬೇಕಿತ್ತು ಅಂತ ಇವತ್ತಿಗೂ ನಾನು ಹೇಳುವುದಿಲ್ಲ. ನನ್ನ ತಮ್ಮ ಜೈಲಿನಲ್ಲಿರುವಾಗ, ಅವನನ್ನು ತೋರಿಸಿಕೊಟ್ಟ ಕೈಗೆ ನನ್ನ ಸೈಕಲ್ ಕೊಡಲು ನಾನೇನು ಸಂತಳೇ? ಬೇಕಂತ ಮಾಡಲಿಲ್ಲ ಅನ್ನುವುದು ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿರಲಿಲ್ಲ. ಒಂದು ದಿನ ನೋಡಿದರೆ ಅಂಗಡಿಗೆ ಬೀಗ.

ಆದರೆ ದ್ವೇಷಕ್ಕೆ ಪಂಕ್ಚರ್ ಹಾಕಲು ಬರುವುದಿಲ್ಲ. ಯುದ್ಧದ ಕಾಲ, ಟೈರು ಚಿನ್ನವಾಗಿತ್ತು. ನಾನು ಮತ್ತೆ ಅಂಗಡಿ ಅಂಗಡಿ ಅಲೆದೆ. ಒಬ್ಬ ಬ್ರೇಕ್ ಬಿಗಿ ಮಾಡಿ ಚಕ್ರ ತಿರುಗದ ಹಾಗೆ ಮಾಡಿದ. ಇನ್ನೊಬ್ಬ ಚಕ್ರ ಬಿಟ್ಟ, ಬ್ರೇಕ್ ಹಿಡಿಯದು. ಸೈಕಲ್ ಕಿರುಗುಟ್ಟುತ್ತಿತ್ತು, ಸೊಂಟವೂ. ನಾನು ಬರುವುದು ಹುಡುಗಿಯರಿಗೆ ರಸ್ತೆಯ ತಿರುವಿನಿಂದಲೇ ಗೊತ್ತಾಗಿ ಪಾಠಕ್ಕೆ ಕೂತುಬಿಡುತ್ತಿದ್ದರು, ಅದೊಂದೇ ಲಾಭ. ಆಗ ಈ ಸೊಪ್ಪಿನ ಮುದುಕಿಯೇ ಹೇಳಿದ್ದು, ಹಡಪಸರದಲ್ಲಿ ಬೇವಿನ ಮರದ ಕೆಳಗೆ ಒಬ್ಬ ಕಾನಡಿ, ಅಂದರೆ ಕನ್ನಡದವನು, ಕೂರುತ್ತಾನೆ, ಸೈಕಲ್ಲಿಗೆ ಬೈಯುತ್ತಾನೆ ಎಂದು.

ಹೋದೆ. ಸೋಲಾಪುರದ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಧೂಳು ಕುಡಿಯುತ್ತ ಹೋದೆ. ಅವರು ನನ್ನನ್ನು ಕಂಡು ಎದ್ದು ನಿಂತರು. ತಲೆಯೆಲ್ಲ ಬೆಳ್ಳಗಾಗಿತ್ತು. ಸೈಕಲ್ ಕೊಟ್ಟೆ, ತೆಗೆದುಕೊಂಡರು. ಚೈನಿಗೂ ಬೈಯಲಿಲ್ಲ; ನಾನಿದ್ದೇನೆಂದು ಇರಬೇಕು. ಎಲ್ಲ ಮಾಡಿ ಮುಗಿಸಿ, "ಸೀಟು ನೀವ ತಿರುಗಿಸ್ಕೋರಿ ಅಕ್ಕೋರ. ಅದೊಂದ ನಾ ಬಿಟ್ಟೀನಿ," ಎಂದರು.

"ಇದೇನ್ ಹುಚ್ಚಾಟರಿ?" ಎಂದು ನಾನು ರೇಗಿದೆ.

"ಕೈ ಕೆಸರಾದ್ರ ಬಾಯಿ ಮೊಸರು ಅಂತಾರ್ರಿ. ನನಗ ಕೈನ ಬಾಯಿ ಆತು," ಎಂದು ನಟ್ಟು ಬಿಗಿಯುವ ಪಾನಾ ಒರೆಸಿಟ್ಟರು. ಹೊರಡುವಾಗ ಕೇಳಿದರು, "ತಮ್ಮಾರು ಹೆಂಗಿದ್ದಾರ್ರಿ?" ಬಿಡುಗಡೆಯಾಗಿ ಬಂದಿದ್ದಾನೆ, ಕಾಲೇಜು ಮುಗಿಯಲಿಲ್ಲ, ಒಂದು ಛಾಪಖಾನೆಯಲ್ಲಿ ಕೆಲಸಕ್ಕಿದ್ದಾನೆ ಎಂದೆ. "ಗಾಡಿ?" ಪೊಲೀಸರು ಸೈಕಲ್ ತಿರುಗಿ ಕೊಟ್ಟಿದ್ದಾರೆ ಎಂದೆ. "ಸೀಟು ಯಾರ ಕಡೆ ಹೊಂದಿಸಿದ್ರು?" ಯಾರ ಕಡೆಯೂ ಇಲ್ಲ, ಪೊಲೀಸರು ಮತ್ತೆ ನೆಟ್ಟಗೆ ಮಾಡಿ ಕೊಟ್ಟಿದ್ದರು, ಹಾಗೇ ಇದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. "ನೋವಾಗ್ತಿರಬೇಕಲ್ರಿ ಅವರಿಗೆ. ಒಂದ ಸಲ ಬಂದ್ರ... ಬ್ಯಾಡ, ಹೇಳಬ್ಯಾಡ್ರಿ." ಆಮೇಲೆ ನಾನು ಹೋದಾಗಲೆಲ್ಲ ಇದೇ ಪ್ರಶ್ನೆ, ಇದೇ ಅರ್ಧ ಮಾತು. ಅವರಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಅನ್ನಿಸುತ್ತಿತ್ತು: ನನ್ನ ತಮ್ಮ ಒಮ್ಮೆ ಬರಬೇಕು, ಆ ಸೀಟು ಒಮ್ಮೆ ಸರಿಯಾಗಬೇಕು.

ನೋವಾಗುತ್ತಿತ್ತು, ಸುಳ್ಳಲ್ಲ. ಜೈಲಿನಿಂದ ಬಂದಾಗ ಕಾಲು ಇನ್ನಷ್ಟು ಬಿಗಿದಿತ್ತು. ಸಂಜೆ ಮನೆಗೆ ಬಂದು ಸೈಕಲ್ಲಿನಿಂದ ಇಳಿಯುವಾಗ ನನ್ನ ತಮ್ಮ ಗೋಡೆ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದ. ಸೀಟು ತಿರುಗಿಸೋ ಎಂದರೆ, "ಇರಲಿ ಅಕ್ಕಾ, ಹೆಂಗ ಕೊಟ್ಟಾರ ಹಂಗ ಇರಲಿ," ಎನ್ನುತ್ತಿದ್ದ. ಪೇಟೆಯವರು ಅವನಿಗೆ ಹಾರ ಹಾಕಿದ್ದರು. ಹಾರ ಒಣಗಿ ಉದುರಿತು, ಸೀಟು ಹಾಗೇ ಉಳಿಯಿತು.

ನಾನು ಹಡಪಸರಕ್ಕೆ ಹೋಗುವುದನ್ನು ಅವನಿಗೆ ಹೇಳಿರಲಿಲ್ಲ. ಕಂಡುಹಿಡಿದ. "ಅಕ್ಕಾ, ನಿನ್ನ ಸೈಕಲ್ ಸಪ್ಪಳ ನಿಂತದ. ಪುಣೇದಾಗ ಈ ಕೆಲಸ ಮಾಡಾವ್ರು ಒಬ್ಬರ. ಎಲ್ಲಿದ್ದಾರ?" ಎಂದು ಕೇಳಿದ. ನಾನು ಹೇಳಿದೆ. ಮುಂದಿನ ರವಿವಾರ ನಾನು ಹೊರಟಾಗ ಅವನೂ ಸೈಕಲ್ ತೆಗೆದ.

ಮಿಸ್ತ್ರಿ ದೂರದಿಂದಲೇ ನೋಡಿದರು. ಎದ್ದರು. ನನ್ನ ತಮ್ಮ ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿ, "ಸೀಟ ನೋಡ್ರಿ," ಎಂದ.

ಮಿಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ತೋಳಿನ ನರಗಳು ಉಬ್ಬಿದ್ದವು. ಸೀಟು ಅವರಿಂದ ಒಂದು ಗೇಣು ದೂರದಲ್ಲಿತ್ತು, ನೆಟ್ಟಗೆ, ಅವರ ಕಣ್ಣಿಗೆ ಕಸ ಬಿದ್ದ ಹಾಗೆ. ಅದನ್ನು ನೋಡಿದರು, ನನ್ನ ತಮ್ಮನ ಮುಖ ನೋಡಿದರು. "ಈ ಗಾಡಿ ನಾ ಎಂದೂ ನೋಡಿಲ್ರಿ," ಎಂದರು.

"ಮಿಸ್ತ್ರಿ, ಈಗೇನ್ ಪೊಲೀಸರ ಇಲ್ರಿ ಇಲ್ಲೆ," ಎಂದೆ ನಾನು.

"ನೋಡಿಲ್ರಿ ಅಕ್ಕೋರ. ಯಾರದೋ ಏನೋ. ನನಗ ಗೊತ್ತಿಲ್ಲ." ಕಣ್ಣು ತುಂಬಿತ್ತು. ಕೈ ಮಾತ್ರ ಹಿಂದಿನಿಂದ ಬರಲಿಲ್ಲ. ಚೌಕಿಯಲ್ಲಿ ಅವತ್ತು ಮಾಡಲಾಗದ್ದನ್ನು ಆ ಮನುಷ್ಯ ಇವತ್ತು, ಯಾರಿಗೆ ಮಾಡಬೇಕಿತ್ತೋ ಅವನ ಎದುರಿಗೇ ಮಾಡಿ ತೋರಿಸುತ್ತಿದ್ದರು. ಎಷ್ಟು ದಿನದಿಂದ ಆ ಸೀಟು ಸರಿಮಾಡಲು ಹಂಬಲಿಸಿದ್ದರೋ, ಅದು ಮುಂದೆ ಬಂದು ನಿಂತಾಗ ಮುಟ್ಟಲಿಲ್ಲ.

ನನ್ನ ತಮ್ಮ ಸೈಕಲ್ ತಿರುಗಿಸಿದ. ರಸ್ತೆಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ, ಅವರು ಕೈ ಕಟ್ಟಿಕೊಂಡೇ ನಿಂತಿದ್ದರು. "ಸುಳ್ಳ ಹೇಳಾಕ ಈಗ ಕಲತಾರ," ಎಂದು ನನ್ನ ತಮ್ಮ ಒಮ್ಮೆ ಅಂದ. ಆ ಮೇಲೆ ಅವನು ಅಲ್ಲಿಗೆ ಹೋಗಲಿಲ್ಲ. ಮಿಸ್ತ್ರಿಯೂ ಸೀಟಿನ ಮಾತೆತ್ತಲಿಲ್ಲ.

ಮೊನ್ನೆ ಸಂಜೆ ಅವನು ಛಾಪಖಾನೆಯಿಂದ ಬಂದ ಕೂಡಲೇ ಸುದ್ದಿ ಹೇಳಿದೆ. ಅಂಗಿಗೆ ಯಾರೋ ಚುಚ್ಚಿದ್ದ ಕಾಗದದ ಬಾವುಟ ಇನ್ನೂ ಇತ್ತು. "ಹೌದಾ," ಎಂದ. ಚಹಾ ಇಟ್ಟೆ, ಕುಡಿಯಲಿಲ್ಲ. ಅಂಗಳಕ್ಕೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಬಾಗಿಲಿಗೆ ಬಂದು ನೋಡಿದೆ. ಪಾನಾ ಹಿಡಿದು ಸೀಟನ್ನು ಎಡಕ್ಕೆ ತಿರುಗಿಸಿದ್ದ. ಹತ್ತಿ ಅಂಗಳ ಸುತ್ತಿದ, ಇಳಿದ, ಇನ್ನೊಂದಿಷ್ಟು ತಿರುಗಿಸಿದ. ಮತ್ತೆ ಹತ್ತಿದ. ಆಗಲಿಲ್ಲ. ಅಂಗೈಯಿಂದ ಒಂದು ಪೆಟ್ಟು ಕೊಟ್ಟು ನೋಡಿದ, ಮಿಸ್ತ್ರಿ ಕೊಡುತ್ತಿದ್ದ ಹಾಗೆ. ಆಗಲೂ ಆಗಲಿಲ್ಲ. ಕೊನೆಗೆ ಸೀಟಿನ ಮೇಲೆ ಕೈಯಿಟ್ಟು ನಿಂತು, ನನ್ನ ಕಡೆ ತಿರುಗಿದ.

"ಅಕ್ಕಾ, ಎಷ್ಟ ತಿರುಗಿಸ್ತಿದ್ರು ಅವರು? ನಿನಗೇನರ ನೆನಪದ?"

ನನಗೆ ನೆನಪಿಲ್ಲ. ಎಷ್ಟು ಅನ್ನುವುದು ನನಗೆ ಯಾವತ್ತೂ ಕಂಡಿರಲಿಲ್ಲ.